ಕೆಲಸ ಕೊಡುವ ಧರ್ಮವೂ ತೆರಿಗೆಯ ರಿಯಾಯಿತಿಯೂ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳ ಹೆಸರನ್ನು ಶ್ರಾವಕರ ಮನೆಯ ಮಕ್ಕಳು ಅಕ್ಷರಾಭ್ಯಾಸದ ಜೊತೆಗೇ ಕಲಿಯುತ್ತಾರೆ. ಪರ್ವದ ದಿನಗಳಲ್ಲಿ ಈ ನಾಲ್ಕಕ್ಕೂ ಸಮಾಜದ ಕೈ ಧಾರಾಳವಾಗಿಯೇ ಬಿಚ್ಚುತ್ತದೆ. ಆದರೆ ದುಡಿಯುವ ಶಕ್ತಿಯಿದ್ದೂ ಯಾರೂ ಕೆಲಸಕ್ಕೆ ಕರೆಯದ ಅಂಗವಿಕಲ ಯುವಕನಿಗೆ, ಜೀತದಿಂದ ಬಿಡುಗಡೆಯಾಗಿಯೂ ಬದುಕಿನ ದಾರಿ ಕಾಣದ ಕುಟುಂಬಕ್ಕೆ, ಕೇರಿಯ ಹೆಸರು ಹೇಳಿದೊಡನೆ ಅಂಗಡಿಯ ಬಾಗಿಲಿನಿಂದಲೇ ಹಿಂದಿರುಗಬೇಕಾದ ಹೆಣ್ಣುಮಗಳಿಗೆ ಒಂದು ಖಾಯಂ ಕೆಲಸ ಕೊಡುವುದು ಈ ನಾಲ್ಕರಲ್ಲಿ ಯಾವುದು? ನಾಳೆಯ ಗಂಜಿಯ ಭಯವನ್ನು ಅದು ನೀಗುವುದರಿಂದ ಅದನ್ನು ಅಭಯವೆನ್ನಬಹುದು. ಆದರೂ ಅದು ದಾನವಲ್ಲ. ದಾನ ಪಡೆದವನು ತಲೆ ತಗ್ಗಿಸುತ್ತಾನೆ. ದುಡಿದು ಕೂಲಿ ಪಡೆದವನು ತಲೆ ಎತ್ತಿ ನಡೆಯುತ್ತಾನೆ.

ಇಂಥ ಕೆಲಸ ಕೊಡುವವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರೆ ಹೆಚ್ಚು ಮಂದಿ ಮುಂದೆ ಬಂದಾರೆಂಬುದು ಆಧುನಿಕ ಸರಕಾರಗಳ ನಂಬಿಕೆ. ನಂಬಿಕೆ ಕೆಟ್ಟದ್ದಲ್ಲ. ಆದರೆ ಆ ರಿಯಾಯಿತಿ ಇಂದು ಯಾರ ಕೈ ಸೇರುತ್ತಿದೆ, ಯಾರನ್ನು ಹೊರಗಿಟ್ಟಿದೆ ಎಂಬುದನ್ನು ಸಮಾಜವು ಕಣ್ಣು ತೆರೆದು ನೋಡಬೇಕು. ಅದರ ಜೊತೆಗೇ, ರಿಯಾಯಿತಿ ಬರಲಿಲ್ಲವೆಂಬ ನೆಪದಲ್ಲಿ ತನ್ನ ಕರ್ತವ್ಯವನ್ನು ಎಷ್ಟು ಮರೆತಿದೆ ಎಂಬುದನ್ನೂ ನೋಡಿಕೊಳ್ಳಬೇಕು.

ಸಿಂಗಟಗೆರೆಯ ಒಂದು ಗಿರಣಿ

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಿಂಗಟಗೆರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಮಲೆನಾಡಿಗೆ ಹೆಸರಾದ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದರೂ ಇದು ಬಯಲುಸೀಮೆ. ಮಳೆ ಕೈಕೊಟ್ಟ ವರ್ಷ ರಾಗಿಯೂ ಇಲ್ಲ, ತೆಂಗಿನ ಫಲವೂ ಇಲ್ಲ. ನೆರೆಯ ತರೀಕೆರೆಯಲ್ಲಿ ಅಡಿಕೆ ಸುಲಿಯುವ ಕೆಲಸ, ಅಜ್ಜಂಪುರದಲ್ಲಿ ಈರುಳ್ಳಿ ಕೀಳುವ ಕೆಲಸ. ಎರಡೂ ಸುಗ್ಗಿಯ ಕೆಲಸಗಳು. ಸುಗ್ಗಿ ಮುಗಿದ ಮೇಲೆ ಕೂಲಿಗೆ ಗತಿಯೆಂದರೆ ಹಿಟ್ಟಿನ ಗಿರಣಿ, ಕೊಬ್ಬರಿ ಮಂಡಿ, ಗೊಬ್ಬರದ ಅಂಗಡಿ, ಜವಳಿ ಅಂಗಡಿ, ಹೋಟೆಲು. ಇಂಥ ಊರುಗಳಲ್ಲಿ ಕೆಲಸ ಕೊಡುವವರೆಂದರೆ ಈ ಸಣ್ಣ ವ್ಯಾಪಾರಸ್ಥರೇ.

ಇಲ್ಲಿ ಆರು ಆಳುಗಳಿರುವ ಒಂದು ಗಿರಣಿಯನ್ನು ಕಲ್ಪಿಸಿಕೊಳ್ಳೋಣ. ಮಾಲೀಕನಿಗೆ ಇನ್ನಿಬ್ಬರು ಬೇಕು. ತೂಕ ಮಾಡಿ ಲೆಕ್ಕ ಬರೆಯಲು ಪೋಲಿಯೋದಿಂದ ಕಾಲು ಸೋತ ಯುವಕನೊಬ್ಬನು ಸಿದ್ಧನಿದ್ದಾನೆ. ಕಾಳು ಹಸನು ಮಾಡಲು ದಲಿತ ಕೇರಿಯ ಒಬ್ಬ ವಿಧವೆ ಸಿದ್ಧಳಿದ್ದಾಳೆ. ಮಾಲೀಕನ ಮನಸ್ಸೂ ಒಳ್ಳೆಯದೇ. ಆದರೆ ಯುವಕನು ಕುಳಿತು ಕೆಲಸ ಮಾಡಲು ತಕ್ಕಡಿಯ ಜಾಗ ಬದಲಿಸಬೇಕು. ಕೆಲಸ ಕಲಿಯುವ ಮೊದಲ ತಿಂಗಳುಗಳ ನಷ್ಟವನ್ನು ತಾನೇ ಹೊರಬೇಕು. ಇವರಿಬ್ಬರನ್ನು ಸೇರಿಸಿಕೊಂಡರೆ ಸರಕಾರದಿಂದ ಅವನಿಗೆ ದೊರೆಯುವ ನೆರವೆಷ್ಟು? ಕಾನೂನುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಉತ್ತರ ಸೊನ್ನೆಯ ಹತ್ತಿರವೇ ನಿಲ್ಲುತ್ತದೆ.

ದೊಡ್ಡವರ ಅಳತೆಗೆ ಹೊಲಿದ ಅಂಗಿ

ಹೊಸ ಉದ್ಯೋಗ ನೀಡಿದವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡುವ 80ಜೆಜೆಎಎ ಎಂಬ ಕಲಮು 1998ರ ಹಣಕಾಸು ಕಾಯಿದೆಯ ಮೂಲಕ ಬಂದಿತು. ಆಗ ಅದು ಉತ್ಪಾದನೆಯಲ್ಲಿ ತೊಡಗಿದ ಕಂಪನಿಗಳಿಗೆ ಮಾತ್ರ, ಅದೂ ನೂರರ ಮೇಲಿನ ಕಾರ್ಮಿಕರ ಲೆಕ್ಕಕ್ಕೆ ಮಾತ್ರ ಅನ್ವಯಿಸುತ್ತಿತ್ತು. 2015ರಲ್ಲಿ ನೂರು ಐವತ್ತಕ್ಕೆ ಇಳಿಯಿತು. 2016ರಲ್ಲಿ ಆ ಮಿತಿಯೇ ಹೋಗಿ ಎಲ್ಲ ಬಗೆಯ ವ್ಯವಹಾರಗಳಿಗೂ ಬಾಗಿಲು ತೆರೆಯಿತು. 2025ರ ಹೊಸ ಆದಾಯ ತೆರಿಗೆ ಕಾಯಿದೆಗೂ ಈ ರಿಯಾಯಿತಿಯನ್ನು ದಾಟಿಸಲಾಗಿದೆ. ಹೊಸದಾಗಿ ಸೇರಿದ ಕೆಲಸಗಾರನ ವೇತನದ ಶೇಕಡ 30ರಷ್ಟನ್ನು ಮೂರು ವರ್ಷಗಳ ಕಾಲ ಆದಾಯದಿಂದ ಕಳೆಯಬಹುದು. ಕೇಳಲು ಸೊಗಸಾಗಿದೆ.

ಆದರೆ ಬಾಗಿಲು ತೆರೆದರೂ ಹೊಸಿಲು ಎತ್ತರವಾಗಿಯೇ ಉಳಿಯಿತು. ಲೆಕ್ಕಪತ್ರ ತಪಾಸಣೆಗೆ ಒಳಪಟ್ಟ ವ್ಯವಹಾರಕ್ಕೆ ಮಾತ್ರ ಈ ರಿಯಾಯಿತಿ. ಚಾರ್ಟರ್ಡ್ ಅಕೌಂಟೆಂಟರ ವರದಿ ಬೇಕು. ಕೆಲಸಗಾರನು ಭವಿಷ್ಯನಿಧಿಯ ಸದಸ್ಯನಾಗಿರಬೇಕು. ವೇತನ ತಿಂಗಳಿಗೆ 25,000 ರೂಪಾಯಿ ಮೀರಬಾರದು. ಸಾಮಾನ್ಯವಾಗಿ ವರ್ಷದಲ್ಲಿ 240 ದಿನ ಕೆಲಸ ಮಾಡಿರಬೇಕು. ಭವಿಷ್ಯನಿಧಿಯ ಕಾನೂನಾದರೋ 20 ಮಂದಿ ಇರುವ ಸಂಸ್ಥೆಗಳಿಗೆ ಅನ್ವಯಿಸುವಂಥದ್ದು. ಆರು ಆಳುಗಳ ಗಿರಣಿಗೆ ತಪಾಸಣೆಯೂ ಇಲ್ಲ, ನಿಧಿಯೂ ಇಲ್ಲ. ಸಣ್ಣ ವ್ಯಾಪಾರಸ್ಥರು ಬಹುಮಟ್ಟಿಗೆ ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸುವ ಸರಳ ಪದ್ಧತಿಯಲ್ಲಿರುವವರು. ಆ ಪದ್ಧತಿಯಲ್ಲಿ ಈ ರಿಯಾಯಿತಿಗೆ ಎಡೆಯಿಲ್ಲ.

ಲೆಕ್ಕವನ್ನೇ ಮಾಡಿ ನೋಡಬಹುದು. ತಿಂಗಳಿಗೆ 15,000 ರೂಪಾಯಿ ಸಂಬಳವಾದರೆ ವರ್ಷಕ್ಕೆ 1,80,000. ಅದರ ಶೇಕಡ 30 ಎಂದರೆ 54,000. ಶೇಕಡ 30ರ ದರದಲ್ಲಿ ತೆರಿಗೆ ಕಟ್ಟುವ ದೊಡ್ಡ ವ್ಯಾಪಾರಿಗೆ ಇದರಿಂದ 16,200 ರೂಪಾಯಿ ಉಳಿಯುತ್ತದೆ. ತೆರಿಗೆಯೇ ಇಲ್ಲದವನಿಗೆ ಉಳಿಯುವುದು ಏನೂ ಇಲ್ಲ. 2025-26ನೇ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆಯೇ ಬೀಳದು. ಹೋಬಳಿಯ ಗಿರಣಿ ಮಾಲೀಕರಲ್ಲಿ ಬಹುಮಂದಿ ಆ ಗೆರೆಯೊಳಗಿನವರೇ. ಕಟ್ಟದ ತೆರಿಗೆಯಲ್ಲಿ ಕಳೆಯುವುದೇನನ್ನು? ಹಸಿದವನಿಗೆ ಅಜೀರ್ಣದ ಔಷಧ ಕೊಟ್ಟಂತಾಯಿತು ಈ ಉಪಕಾರ.

ಇನ್ನೂ ದೊಡ್ಡ ಕೊರತೆಯೊಂದಿದೆ. ಈ ಕಲಮಿನಲ್ಲಿ ‘ಹಿಂದುಳಿದವನು’ ಎಂಬ ಪರಿಗಣನೆಯೇ ಇಲ್ಲ. ನಗರದ ಕಾಲೇಜಿನಿಂದ ಬಂದವನಿಗೂ ಜೀತದಿಂದ ಬಂದವನಿಗೂ ಒಂದೇ ಅಳತೆ. ಎಲ್ಲರಿಗೂ ಒಂದೇ ರಿಯಾಯಿತಿ ಎಂದಾದರೆ ಮಾಲೀಕನು ಸುಲಭವಾಗಿ ಸಿಗುವವನನ್ನೇ ಆರಿಸುತ್ತಾನೆ. ಬಾಗಿಲ ಹೊರಗಿದ್ದವನು ಹೊರಗೇ ನಿಲ್ಲುತ್ತಾನೆ.

2016ರ ಪ್ರಧಾನಮಂತ್ರಿ ರೋಜ್‌ಗಾರ್ ಪ್ರೋತ್ಸಾಹನ್ ಯೋಜನೆಯಲ್ಲಿ ಸರಕಾರವು ಹೊಸ ಕೆಲಸಗಾರರ ಪಿಂಚಣಿ ವಂತಿಗೆಯನ್ನು ಮಾಲೀಕನ ಪರವಾಗಿ ಕಟ್ಟಿತು. ಆದರೆ ಪಿಂಚಣಿ ವಂತಿಗೆಯನ್ನು ಸರಕಾರವೇ ಪೂರ್ತಿ ಕಟ್ಟಿದ ಕೆಲಸಗಾರನನ್ನು 80ಜೆಜೆಎಎ ಲೆಕ್ಕಕ್ಕೆ ತೆಗೆದುಕೊಳ್ಳದು. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ತಡೆಯಿತು. 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಗೆ 99,446 ಕೋಟಿ ರೂಪಾಯಿ ಗೊತ್ತುಮಾಡಲಾಗಿದೆ. ತೆರಿಗೆಯಿಂದ ಕಳೆಯುವ ಬದಲು ನೇರವಾಗಿ ಹಣ ಕೊಡುವುದರಿಂದ ಇದು ಸರಿಯಾದ ದಿಕ್ಕಿನ ಹೆಜ್ಜೆಯೆಂಬುದನ್ನು ಒಪ್ಪಬೇಕು. ಆದರೆ ಇದೂ ಭವಿಷ್ಯನಿಧಿಯ ಸದಸ್ಯತ್ವಕ್ಕೇ ಕಟ್ಟುಬಿದ್ದಿದೆ. ಕೊಡುವ ಕ್ರಮವೂ ತಲೆಕೆಳಗಾಗಿದೆ: ತಿಂಗಳಿಗೆ 10,000 ರೂಪಾಯಿವರೆಗಿನ ವೇತನಕ್ಕೆ ಮಾಲೀಕನಿಗೆ ಹೆಚ್ಚೆಂದರೆ 1,000, 20,000ದವರೆಗಿನ ವೇತನಕ್ಕೆ 2,000, ಅದನ್ನು ಮೀರಿ ಒಂದು ಲಕ್ಷದವರೆಗಿನ ವೇತನಕ್ಕೆ 3,000. ಯಾರಿಗೆ ಕೆಲಸ ಸಿಗುವುದು ಹೆಚ್ಚು ಕಷ್ಟವೋ ಅವರ ಹೆಸರಿನಲ್ಲಿ ಕಡಿಮೆ, ಯಾರಿಗೆ ಸುಲಭವೋ ಅವರ ಹೆಸರಿನಲ್ಲಿ ಹೆಚ್ಚು!

ಅಂಗವಿಕಲರ ವಿಷಯದಲ್ಲಿ ಮಾತ್ರ ಕಾನೂನು ಸ್ಪಷ್ಟವಾಗಿ ಮಾತನಾಡಿದೆ. 1995ರ ಕಾಯಿದೆಯೂ ಅದರ ಸ್ಥಾನದಲ್ಲಿ ಬಂದ 2016ರ ಕಾಯಿದೆಯೂ ಖಾಸಗಿ ಮಾಲೀಕರಿಗೆ ಪ್ರೋತ್ಸಾಹ ನೀಡಿ ಶೇಕಡ 5ರಷ್ಟಾದರೂ ಅಂಗವಿಕಲರು ಕೆಲಸದಲ್ಲಿರುವಂತೆ ಮಾಡಬೇಕೆಂದು ಹೇಳಿವೆ. 2008ರ ಏಪ್ರಿಲ್ 1ರಿಂದ ಒಂದು ಯೋಜನೆಯೂ ಬಂದಿತು. ತಿಂಗಳಿಗೆ 25,000 ರೂಪಾಯಿವರೆಗಿನ ವೇತನದ ಅಂಗವಿಕಲ ಕೆಲಸಗಾರನ ಭವಿಷ್ಯನಿಧಿ ಮತ್ತು ಇಎಸ್‌ಐ ವಂತಿಗೆಯಲ್ಲಿ ಮಾಲೀಕನ ಪಾಲನ್ನು ಮೂರು ವರ್ಷ ಸರಕಾರವೇ ಕಟ್ಟುವುದಾಗಿ ಘೋಷಿಸಲಾಯಿತು. ವರ್ಷಕ್ಕೆ ಒಂದು ಲಕ್ಷ ಉದ್ಯೋಗಗಳೆಂಬುದು ಗುರಿ. ಫಲವು ಅದರ ಹತ್ತಿರಕ್ಕೂ ಸುಳಿಯಲಿಲ್ಲ. ನಿಧಿಯ ವಂತಿಗೆ ಕಟ್ಟುವ ದೊಡ್ಡ ಸಂಸ್ಥೆಗೆ ಆ ಮೊತ್ತ ಅಲ್ಪ; ವಂತಿಗೆಯೇ ಕಟ್ಟದ ಗಿರಣಿಗೆ ಅದರಿಂದ ಲಾಭವೇ ಇಲ್ಲ. ಇಳಿಜಾರು ಕಟ್ಟಲು, ತಕ್ಕಡಿ ಸರಿಸಲು, ಕೆಲಸ ಕಲಿಸಲು ಬೇಕಾದ ಹಣದ ಮಾತೇ ಅದರಲ್ಲಿರಲಿಲ್ಲ.

ಪರದೇಶದ ಪಾಠ

ಈ ಮಾರ್ಗದಲ್ಲಿ ಬಹುದೂರ ನಡೆದ ದೇಶ ಅಮೆರಿಕ. ದುರ್ಬಲ ವರ್ಗದವರಿಗೆ ಕೆಲಸ ಕೊಟ್ಟ ಮಾಲೀಕನ ತೆರಿಗೆಯಲ್ಲೇ ನೇರವಾಗಿ ಮೊತ್ತ ಕಡಿಮೆ ಮಾಡುವ ಪದ್ಧತಿಯನ್ನು ಅಲ್ಲಿ 1978ರಲ್ಲಿ ತಂದರು. 1994ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯದೇ ತನಿಖಾ ವಿಭಾಗವು ಪರಿಶೀಲಿಸಿದಾಗ, ರಿಯಾಯಿತಿ ಪಡೆದ ನೇಮಕಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ರಿಯಾಯಿತಿ ಇಲ್ಲದಿದ್ದರೂ ಆಗುತ್ತಿದ್ದುವೆಂದು ಕಂಡುಬಂದಿತು. ಎಂದರೆ ಬೊಕ್ಕಸದ ಹಣ ಬಹುಪಾಲು ಮಾಲೀಕರಿಗೆ ಬಿಟ್ಟಿ ಸಿಕ್ಕಿತು. 1996ರಲ್ಲಿ ಅದೇ ಪದ್ಧತಿಗೆ ಹೊಸ ರೂಪ ಕೊಟ್ಟು, ಕೆಲಸಗಾರನು ಇಂತಿಷ್ಟು ಗಂಟೆ ದುಡಿದ ಮೇಲಷ್ಟೇ ರಿಯಾಯಿತಿ ಎಂಬ ಷರತ್ತನ್ನು ಬಿಗಿಗೊಳಿಸಿದರು.

ಇನ್ನೊಂದು ಸಂಗತಿ ಮನಸ್ಸಿಗೆ ನಾಟುವಂಥದ್ದು. 1980ರ ಹೊತ್ತಿಗೆ ಒಹಾಯೋ ರಾಜ್ಯದ ಡೇಟನ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. ಸರಕಾರದ ನೆರವು ಪಡೆಯುತ್ತಿದ್ದ ಕೆಲವು ಬಡವರ ಕೈಗೆ ‘ಇವರಿಗೆ ಕೆಲಸ ಕೊಟ್ಟರೆ ನಿಮಗೆ ಹಣ ಸಿಗುವುದು’ ಎಂಬರ್ಥದ ಚೀಟಿ ಕೊಟ್ಟು ಕೆಲಸ ಹುಡುಕಲು ಕಳುಹಿಸಿದರು. ಅದೇ ಸ್ಥಿತಿಯ ಇನ್ನು ಕೆಲವರಿಗೆ ಚೀಟಿ ಕೊಡಲಿಲ್ಲ. ಚೀಟಿ ಹಿಡಿದವರಿಗಿಂತ ಚೀಟಿಯಿಲ್ಲದವರಿಗೇ ಹೆಚ್ಚಾಗಿ ಕೆಲಸ ಸಿಕ್ಕಿತೆಂದು ಅರ್ಥಶಾಸ್ತ್ರಜ್ಞ ಗ್ಯಾರಿ ಬರ್ಟ್‌ಲೆಸ್ 1985ರಲ್ಲಿ ಪ್ರಕಟಿಸಿದರು. ‘ಇವನು ಕೆಲಸಕ್ಕೆ ಬಾರದವನು, ಅದಕ್ಕೇ ಸರಕಾರ ಹಣ ಕೊಡುತ್ತಿದೆ’ ಎಂಬ ಸಂಶಯವನ್ನು ಆ ಚೀಟಿಯೇ ಹುಟ್ಟಿಸಿತೆಂಬುದು ಅದಕ್ಕೆ ಕೊಡಲಾದ ವಿವರಣೆ. ನೆರವು ಹಣೆಯ ಮೇಲಿನ ಮುದ್ರೆಯಾದರೆ ಅದು ನೆರವಾಗಿ ಉಳಿಯದು. ಜಾತಿಯ ಮುದ್ರೆಯನ್ನು ಶತಮಾನಗಳಿಂದ ಕಂಡಿರುವ ಈ ನೆಲಕ್ಕೆ ಈ ಪಾಠ ಹೊಸದಾಗಬೇಕಿಲ್ಲ.

ಸಮಾಜದ ಕಡೆಗೆ ಒಂದು ಪ್ರಶ್ನೆ

ಸರಕಾರದ ದೋಷವನ್ನು ಇಷ್ಟು ಎಣಿಸಿದ ಮೇಲೆ ತನ್ನ ದೋಷವನ್ನು ಮರೆಮಾಡುವುದು ನ್ಯಾಯವಲ್ಲ. ಅಹಿಂಸಾಣುವ್ರತದ ಅತಿಚಾರಗಳನ್ನು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ಹೇಳುವಾಗ ಬಂಧ, ವಧ, ಛೇದಗಳ ಜೊತೆಗೆ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಸೇರಿಸಿದ್ದಾರೆ. ಮಿತಿಮೀರಿ ಭಾರ ಹೊರಿಸುವುದು, ಹೊತ್ತಿಗೆ ಸರಿಯಾಗಿ ಅನ್ನ ನೀರು ಸಿಗದಂತೆ ಮಾಡುವುದು ಹಿಂಸೆಯೆಂದಮೇಲೆ, ಹತ್ತು ಗಂಟೆ ದುಡಿಸಿ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡುವುದಕ್ಕೆ, ಕಾಯಿಲೆಯ ದಿನದ ಕೂಲಿ ಕಡಿಯುವುದಕ್ಕೆ ಬೇರೆ ಹೆಸರಿಡಲಾದೀತೇ? ಅಚೌರ್ಯಾಣುವ್ರತದಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು ಅತಿಚಾರ. ಕಾರ್ಮಿಕ ಕಾನೂನನ್ನು ತಪ್ಪಿಸಲೆಂದು ಹತ್ತೊಂಬತ್ತರ ಮೇಲೆ ಹೆಸರು ಬರೆಯದ ಹಾಜರಿ ಪುಸ್ತಕ ಈ ಅತಿಚಾರದ ಸಾಕ್ಷಿಯಲ್ಲದೆ ಮತ್ತೇನು?

ಸಂಜೆಯ ನಂತರ ಉಣ್ಣದ, ನೀರನ್ನು ಸೋಸಿ ಕುಡಿಯುವ ಮನೆಗಳ ಅಂಗಡಿಯಲ್ಲಿಯೂ ಇಪ್ಪತ್ತು ವರ್ಷ ಮೂಟೆ ಹೊತ್ತವನ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲದಿರುವುದು ಅಪರೂಪವಲ್ಲ. ಅವನು ಬೆನ್ನು ಮುರಿದುಕೊಂಡು ಮನೆ ಸೇರಿದ ದಿನ ಕೈಯಲ್ಲಿಟ್ಟ ನೂರಿನ್ನೂರು ರೂಪಾಯಿಯನ್ನು ಔಷಧದಾನವೆಂದು ಎಣಿಸಲಾಗುತ್ತದೆ. ಅವನಿಗೆ ಹಕ್ಕಾಗಿ ಸಲ್ಲಬೇಕಾದದ್ದನ್ನು ದಾನವೆಂದು ಕೊಡುವುದು ಎರಡು ತಪ್ಪು: ಸಲ್ಲಬೇಕಾದದ್ದನ್ನು ಸಲ್ಲಿಸದಿರುವುದು ಒಂದು, ಸಲ್ಲಿಸದೆ ಪುಣ್ಯ ಬರೆದುಕೊಳ್ಳುವುದು ಇನ್ನೊಂದು.

ಟ್ರಸ್ಟ್‌ಗಳ ಬಗೆಗೆ ಇನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ. ನೋಂದಾಯಿತ ಧಾರ್ಮಿಕ ಹಾಗೂ ಧರ್ಮಾರ್ಥ ಟ್ರಸ್ಟ್‌ಗಳು ತಮ್ಮ ಆದಾಯವನ್ನು ಉದ್ದೇಶಕ್ಕೆ ವಿನಿಯೋಗಿಸಿದರೆ ಅದಕ್ಕೆ ತೆರಿಗೆಯಿಲ್ಲ. ಅರ್ಹ ಧರ್ಮಾರ್ಥ ಸಂಸ್ಥೆಗಳಿಗೆ ದಾನ ಕೊಟ್ಟವರಲ್ಲಿ ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ 80ಜಿ ಕಲಮಿನಡಿ ವಿನಾಯಿತಿ ದೊರೆಯುತ್ತ ಬಂದಿದೆ. ಬಸದಿಯ ಕಾವಲುಗಾರ, ಅಡುಗೆಯವರು, ಕಸ ಗುಡಿಸುವವರು, ಛತ್ರದ ಕೆಲಸದವರು, ವಿದ್ಯಾರ್ಥಿನಿಲಯದ ಸಿಬ್ಬಂದಿ ಇವರೆಲ್ಲರಿಗೂ ಟ್ರಸ್ಟೇ ಮಾಲೀಕ. ತೆರಿಗೆಯೇ ಕಟ್ಟದ ಮಾಲೀಕನಿಗೆ ‘ಬಡವನಿಗೆ ಕೆಲಸ ಕೊಟ್ಟರೆ ತೆರಿಗೆ ಕಡಿಮೆ’ ಎಂಬ ಆಮಿಷ ತೋರಿಸುವ ಹಾಗಿಲ್ಲ. ತೋರಿಸುವ ಅಗತ್ಯವೂ ಇಲ್ಲ. ರಿಯಾಯಿತಿಯು ಟ್ರಸ್ಟಿಗೆ ಮುಂಗಡವಾಗಿಯೇ ಸಂದಿದೆ. ಬಾಕಿ ಉಳಿದಿರುವುದು ಕೆಲಸ.

ಮೂರು ಆಕ್ಷೇಪಗಳು

‘ಸಣ್ಣ ವ್ಯಾಪಾರ, ಇದು ಧರ್ಮಛತ್ರವಲ್ಲ’ ಎಂಬುದು ಮೊದಲನೆಯ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಆರು ಆಳುಗಳ ಗಿರಣಿಯವನು ಸಮಾಜದ ಸಕಲ ಅನ್ಯಾಯಗಳ ಸಾಲವನ್ನೂ ತೀರಿಸಲಾರ. ಆದುದರಿಂದಲೇ ಸರಕಾರದ ನೆರವು ಅವನಿಗೆ ಮುಟ್ಟಬೇಕೆಂಬ ವಾದ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಬರೆದು ಕೂಲಿಯನ್ನು ಬ್ಯಾಂಕಿನ ಮೂಲಕ ಕೊಡಲು ಯಾವ ರಿಯಾಯಿತಿಯೂ ಬೇಕಾಗಿಲ್ಲ.

‘ಅಂಥವರಿಂದ ಕೆಲಸ ಸಾಗದು’ ಎಂಬುದು ಎರಡನೆಯದು. 2017ರಲ್ಲಿ ಹುಬ್ಬಳ್ಳಿಯಲ್ಲಿ ಆಲಿನಾ ಆಲಂ ಅವರು ಆರಂಭಿಸಿದ ಮಿಟ್ಟಿ ಕೆಫೆಯಲ್ಲಿ ದೈಹಿಕ, ಬೌದ್ಧಿಕ ವೈಕಲ್ಯವುಳ್ಳವರೇ ಅಡುಗೆ ಮಾಡುತ್ತಾರೆ, ಬಡಿಸುತ್ತಾರೆ, ಹಣ ಎಣಿಸುತ್ತಾರೆ. ಒಂದು ಊರಿನ ಕೆಫೆ ಅನೇಕ ನಗರಗಳಿಗೆ ಹಬ್ಬಿದೆ. ಕೆಲಸ ಸಾಗದಿದ್ದರೆ ಅದು ಹಬ್ಬುತ್ತಿರಲಿಲ್ಲ. ಬಹಳ ಸಲ ಸಾಗದಿರುವುದು ಕೆಲಸಗಾರನ ಕೈಯಲ್ಲ, ಮಾಲೀಕನ ಮನಸ್ಸು.

‘ಕರ್ತವ್ಯ ಮಾಡಿದ್ದಕ್ಕೆ ಬೊಕ್ಕಸದಿಂದ ಹಣವೇಕೆ?’ ಎಂಬುದು ಮೂರನೆಯದು. ಆಕ್ಷೇಪ ಗಂಭೀರವಾದದ್ದು. ಆದರೆ ಪೋಲಿಯೋ ಪೀಡಿತ ಯುವಕನಿಗಾಗಿ ತಕ್ಕಡಿಯ ಜಾಗ ಬದಲಿಸುವ ವೆಚ್ಚ ಮಾಲೀಕನು ಉಂಟುಮಾಡಿದ್ದಲ್ಲ. ಕೇರಿಯ ಹೆಣ್ಣುಮಗಳು ಶಾಲೆ ಬಿಟ್ಟದ್ದು ಅವನೊಬ್ಬನ ತಪ್ಪಲ್ಲ. ಇಡೀ ಸಮಾಜದ ಲೋಪದ ಭಾರವನ್ನು ಇಡೀ ಸಮಾಜದ ಬೊಕ್ಕಸವೇ ಹಂಚಿಕೊಳ್ಳುವುದು ನ್ಯಾಯ.

ಆಗಬೇಕಾದದ್ದು

ಹಾಗಾದರೆ ಸರಕಾರವನ್ನು ಕೇಳಬೇಕಾದದ್ದೇನು? ಒಂದು, ರಿಯಾಯಿತಿಯನ್ನು ತೆರಿಗೆಯಿಂದಲೂ ಭವಿಷ್ಯನಿಧಿಯಿಂದಲೂ ಬಿಡಿಸಿ, ಸಣ್ಣ ಮಾಲೀಕನಿಗೆ ವೇತನದ ಒಂದು ಪಾಲನ್ನು ನೇರವಾಗಿ ಹಿಂದಿರುಗಿಸಬೇಕು. ದಾಖಲೆಯಿಲ್ಲವೆಂಬ ನೆಪ ಈಗ ನಿಲ್ಲದು. ಸಣ್ಣ ಉದ್ದಿಮೆಗಳಿಗೆ 2020ರ ಜುಲೈನಿಂದ ಉದ್ಯಮ್ ನೋಂದಣಿಯಿದೆ. ಅಸಂಘಟಿತ ಕಾರ್ಮಿಕರಿಗೆ 2021ರ ಆಗಸ್ಟ್‌ನಿಂದ ಇ-ಶ್ರಮ್ ನೋಂದಣಿಯಿದೆ. ಕೂಲಿ ಬ್ಯಾಂಕಿಗೆ ಬಿದ್ದುದಕ್ಕೆ ಪಾಸ್‌ಬುಕ್ಕೇ ಸಾಕ್ಷಿ. ಎರಡು, ಕಡಿಮೆ ವೇತನದ, ಹೆಚ್ಚು ಅಡ್ಡಿಗಳಿರುವ ಕೆಲಸಗಾರನ ಲೆಕ್ಕಕ್ಕೆ ಹೆಚ್ಚು ಮೊತ್ತ ಸಲ್ಲಬೇಕು; ಅದರ ದೊಡ್ಡ ಪಾಲು ಅವನು ವರ್ಷ ಪೂರೈಸಿದ ಮೇಲೆ ಬರಬೇಕು. ಮೂರು, ಅರ್ಹತೆಯ ಪರಿಶೀಲನೆ ಕಚೇರಿಯೊಳಗೆ ನಡೆಯಬೇಕು. ಕೆಲಸ ಕೇಳಲು ಹೋಗುವವನ ಕೈಗೆ ಡೇಟನ್ನಿನ ಚೀಟಿ ಕೊಡಬಾರದು.

ಟ್ರಸ್ಟ್‌ಗಳು ಇದಕ್ಕಾಗಿ ಕಾಯಬೇಕಾಗಿಲ್ಲ. ಧರ್ಮಸ್ಥಳದ ಟ್ರಸ್ಟ್ 1982ರಲ್ಲಿ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಕೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆಯನ್ನು ಸ್ಥಾಪಿಸಿ ಗ್ರಾಮೀಣ ನಿರುದ್ಯೋಗಿಗಳಿಗೆ ತರಬೇತಿ ಕೊಡಲು ತೊಡಗಿದಾಗ ಯಾವ ತೆರಿಗೆಯ ಆಮಿಷವೂ ಅದರ ಮುಂದಿರಲಿಲ್ಲ. ಮುಂದೆ ಕೇಂದ್ರ ಸರಕಾರವೇ ಆ ಮಾದರಿಯನ್ನು ದೇಶದ ಜಿಲ್ಲೆಜಿಲ್ಲೆಗೂ ಒಯ್ದಿತು. ಅಷ್ಟು ದೊಡ್ಡ ಕೆಲಸ ಎಲ್ಲ ಟ್ರಸ್ಟ್‌ಗಳಿಂದಲೂ ಆಗದು. ಆದರೆ ತನ್ನಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ನೇಮಕಪತ್ರ, ಕನಿಷ್ಠ ವೇತನ, ವಾರದ ರಜೆ ಕೊಡುವುದು ಅತಿ ಸಣ್ಣ ಟ್ರಸ್ಟಿಗೂ ಸಾಧ್ಯ. ಇಪ್ಪತ್ತು ಮಂದಿ ಇಲ್ಲದಿದ್ದರೂ ಸ್ವಇಚ್ಛೆಯಿಂದ ಭವಿಷ್ಯನಿಧಿಗೆ ಸೇರಲು ಕಾನೂನಿನಲ್ಲಿ ಅವಕಾಶವಿದೆ. ಖಾಲಿಯಾಗುವ ಸ್ಥಾನಗಳಲ್ಲಿ ಕೆಲವನ್ನಾದರೂ ಬೇರೆಲ್ಲಿಯೂ ಬಾಗಿಲು ತೆರೆಯದವರಿಗೆ ಮೀಸಲಿಡಬಹುದು. ವಾರ್ಷಿಕ ವರದಿಯಲ್ಲಿ ಅಮೃತಶಿಲೆಯ ಚದರ ಅಡಿಗಳ ಲೆಕ್ಕದ ಪಕ್ಕದಲ್ಲಿ, ಈ ವರ್ಷ ಎಷ್ಟು ಮಂದಿಗೆ ಕೆಲಸ ಕೊಡಲಾಯಿತು, ಅವರ ವೇತನವೆಷ್ಟು ಎಂಬ ಒಂದು ಸಾಲನ್ನು ಮುದ್ರಿಸಬಹುದು.

ಸಿಂಗಟಗೆರೆಯ ಆ ಗಿರಣಿಯ ಮಾಲೀಕನಿಗೆ ಸರಕಾರದ ಹಣ ಬರುವ ದಿನ ದೂರವಿರಬಹುದು. ಅಲ್ಲಿಯವರೆಗೆ ಅವನಂಥವರಿಗೆ ಕೈಯಾಸರೆಯಾಗಬಲ್ಲವರು ಉಳ್ಳ ಕುಟುಂಬಗಳು, ಉಳ್ಳ ಟ್ರಸ್ಟ್‌ಗಳು. ಒಂದು ಪೂಜಾ ಮಹೋತ್ಸವದ ಪೆಂಡಾಲಿನ ವೆಚ್ಚದಲ್ಲಿ ಒಬ್ಬ ಯುವಕನ ತರಬೇತಿಯ ತಿಂಗಳುಗಳ ವೇತನವನ್ನು ಭರಿಸಲಾದೀತು. ಅಪರಿಗ್ರಹವನ್ನು ವೇದಿಕೆಯ ಮೇಲೆ ಹೊಗಳುವ ಸಮಾಜ, ಮುಂದಿನ ಚಾತುರ್ಮಾಸದೊಳಗೆ ಒಂದು ಕೆಲಸವನ್ನಾದರೂ ಮಾಡಲಿ: ತನ್ನ ಅಂಗಡಿಯಲ್ಲಿ, ತನ್ನ ಬಸದಿಯಲ್ಲಿ, ತನ್ನ ಛತ್ರದಲ್ಲಿ ಈಗಾಗಲೇ ದುಡಿಯುತ್ತಿರುವವರೆಲ್ಲರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯಲಿ. ಹೊಸಬರಿಗೆ ಬಾಗಿಲು ತೆರೆಯುವ ಅಧಿಕಾರ ಆಮೇಲೆ ತಾನಾಗಿ ಬರುತ್ತದೆ.